ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಕರಕುಶಲ ಕಾರ್ಯಾಗಾರ: ಕಲಿಕೆಯಿಂದ ಸ್ವಂತ ಗಳಿಕೆಯವರೆಗೆ

ಮನೆಯೊಳಗಿನ ಹಿಂಸೆಯಿಂದ ಹೊರಬಂದವರು, ಮಾನವ ಕಳ್ಳಸಾಗಣೆಯ ಜಾಲದಿಂದ ಬಿಡುಗಡೆಯಾದವರು, ಗಂಡನನ್ನು ಕಳೆದುಕೊಂಡು ಅಥವಾ ಅವನಿಂದ ಪರಿತ್ಯಕ್ತರಾಗಿ ಮಕ್ಕಳ ಹೊಣೆ ಹೊತ್ತವರು, ಸೆರೆವಾಸ ಮುಗಿಸಿ ಬಂದವರು, ಅಂಗವೈಕಲ್ಯವಿರುವವರು, ಯುದ್ಧದಿಂದ ನೆಲೆ ಕಳೆದುಕೊಂಡು ಬೇರೊಂದು ನಾಡಿಗೆ ಬಂದವರು: ಇಂಥ ಮಹಿಳೆಯರಿಗೆ ಕೈಕಸುಬು ಕಲಿಸಿ, ಸುರಕ್ಷಿತವಾದ ಜಾಗದಲ್ಲಿ ಉದ್ಯೋಗ ಕೊಡುವ ಕಾರ್ಯಾಗಾರವೊಂದನ್ನು ಆರಂಭಿಸಬೇಕೆಂದಿರುವ ಸಂಘಗಳಿಗೂ ವ್ಯಕ್ತಿಗಳಿಗೂ ಉಪಯೋಗವಾಗಲೆಂದು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಹೊಲಿಗೆ, ಕಸೂತಿ, ನೇಯ್ಗೆ, ಚರ್ಮದ ಕೆಲಸ, ಕಾಗದದ ಕೆಲಸ, ಸಾಬೂನು ಅಥವಾ ಮೇಣದಬತ್ತಿಯ ತಯಾರಿಕೆ, ಇವುಗಳಲ್ಲಿ ಯಾವುದನ್ನೇ ಆಗಲಿ ಕಲಿಸುವುದು ಅಷ್ಟೇನೂ ಕಷ್ಟವಲ್ಲ. ಕಲಿತ ಕೆಲಸಕ್ಕೆ ಬದುಕಲು ಸಾಲುವಷ್ಟು ಕೂಲಿ ಹುಟ್ಟುವಂತೆ ಮಾಡುವುದು ಮತ್ತು ಹುಟ್ಟಿದ ಕೂಲಿ ದುಡಿದವಳ ಕೈಯಲ್ಲಿಯೇ ಉಳಿಯುವಂತೆ ನೋಡಿಕೊಳ್ಳುವುದು ಕಷ್ಟ. ಆದ್ದರಿಂದ ಇಲ್ಲಿ ಹೇಳಿರುವ ಪ್ರತಿಯೊಂದು ತೀರ್ಮಾನವನ್ನೂ ಒಂದೇ ಪ್ರಶ್ನೆಯಿಂದ ಅಳೆಯಲಾಗಿದೆ: ಇದರಿಂದ ಹಣ ಅವಳಿಗೆ ತಲುಪುತ್ತದೆಯೇ, ತಲುಪಿದ್ದು ಅವಳದಾಗಿಯೇ ಉಳಿಯುತ್ತದೆಯೇ?

ಮೊದಲು ಅವರ ದಿನಚರಿಯನ್ನು ತಿಳಿದುಕೊಳ್ಳಿ

ಕಟ್ಟಡ ಹುಡುಕುವುದಕ್ಕೂ ಯಂತ್ರ ಕೊಳ್ಳುವುದಕ್ಕೂ ಮೊದಲು, ಕೆಲಸಕ್ಕೆ ಬರಬಹುದಾದ ಹತ್ತು ಹನ್ನೆರಡು ಮಹಿಳೆಯರೊಡನೆ ಒಬ್ಬೊಬ್ಬರಾಗಿ ಕುಳಿತು ಮಾತನಾಡಬೇಕು. ಅವರ ಮೇಲೆ ಏನು ನಡೆಯಿತು ಎಂಬ ಕಥೆಯನ್ನು ಕೇಳುವ ಅಗತ್ಯ ಈ ಮಾತುಕತೆಗೆ ಇಲ್ಲ, ಕೇಳಲೂ ಬಾರದು. ಕೆಲಸ ಬೇಕಾದರೆ ನೋವನ್ನು ಬಿಚ್ಚಿಡಬೇಕು ಎಂಬ ಭಾವನೆ ಮೊದಲ ದಿನವೇ ಮೂಡಿದರೆ, ಮುಂದೆ ಎಷ್ಟೇ ಒಳ್ಳೆಯ ವ್ಯವಸ್ಥೆ ಮಾಡಿದರೂ ಆ ಸಂಬಂಧ ಯಾಚನೆಯ ಸಂಬಂಧವಾಗಿಯೇ ಉಳಿಯುತ್ತದೆ. ಕೇಳಬೇಕಾದದ್ದು ಬೇರೆ: ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ನೀರು, ಅಡುಗೆ, ಮಕ್ಕಳ ಶಾಲೆ, ಹಿರಿಯರ ಆರೈಕೆ ಇವುಗಳಿಗೆ ಎಷ್ಟು ಸಮಯ ಹೋಗುತ್ತದೆ, ಯಾವ ದಾರಿಯಲ್ಲಿ ಓಡಾಡಲು ಭಯವಿದೆ, ಯಾರ ಕಣ್ಣಿಗೆ ಬೀಳಬಾರದು, ಕಣ್ಣು, ಬೆನ್ನು ಮತ್ತು ಕೈಗಳಲ್ಲಿ ನೋವಿದೆಯೇ, ಈಗ ಸಾಲವಿದೆಯೇ, ಇದ್ದರೆ ಯಾರಿಗೆ ಎಷ್ಟು ಕೊಡಬೇಕು, ಈ ಮೊದಲು ಯಾವ ಕೆಲಸ ಮಾಡಿ ಗೊತ್ತು. ಈ ಉತ್ತರಗಳು ಕೈಗೆ ಬಂದ ಮೇಲೆ ಕೆಲಸದ ಅವಧಿ, ಜಾಗ, ಕಸುಬು ಇವೆಲ್ಲ ಬಹುಮಟ್ಟಿಗೆ ತಾವಾಗಿಯೇ ನಿಗದಿಯಾಗುತ್ತವೆ. ಮಧ್ಯಾಹ್ನ ಮೂರಕ್ಕೆ ಮಗುವನ್ನು ಶಾಲೆಯಿಂದ ಕರೆತರಬೇಕಾದ ತಾಯಿಗೆ ಸಂಜೆ ಆರರವರೆಗಿನ ಪಾಳಿಯನ್ನು ಗೊತ್ತುಮಾಡಿ, ಅವಳು ಬರುವುದನ್ನು ನಿಲ್ಲಿಸಿದಾಗ ಆಸಕ್ತಿಯಿಲ್ಲವೆಂದು ಬರೆದುಕೊಳ್ಳುವುದು ಅನ್ಯಾಯ.

ಈ ಮಾತುಕತೆಯಿಂದ ಸ್ಪಷ್ಟವಾಗುವ ಇನ್ನೊಂದು ಸಂಗತಿಯೆಂದರೆ, ಕಲಿಕೆಯ ಮೊದಲ ದಿನದಿಂದಲೇ ಭತ್ಯೆ ಕೊಡಬೇಕು ಎಂಬುದು. ಮೂರು ತಿಂಗಳು ಉಚಿತವಾಗಿ ಕಲಿತು ಆಮೇಲೆ ಸಂಪಾದಿಸುವ ಅವಕಾಶ ಒಂದಿಷ್ಟು ಉಳಿತಾಯ ಇದ್ದವರಿಗೆ ಮಾತ್ರ ದಕ್ಕುತ್ತದೆ. ಯಾರಿಗಾಗಿ ಯೋಜನೆ ಹುಟ್ಟಿತೋ ಅವರು ಮೊದಲ ವಾರದಲ್ಲಿಯೇ ದಿನಗೂಲಿಗೆ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಯೋಜನೆಯ ಆರಂಭದ ಹಣದಲ್ಲಿ ಯಂತ್ರಕ್ಕಿಂತ ಮೊದಲು ಭತ್ಯೆಯನ್ನು ತೆಗೆದಿಡಿ. ಕಡುಬಡವರಿಗಾಗಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕಾರ್ಯಕ್ರಮವು ಈ ಸತ್ಯವನ್ನು ಆಧಾರವಾಗಿಟ್ಟುಕೊಂಡೇ ರೂಪುಗೊಂಡಿತು. ಸಂಪಾದನೆಗೆ ಬೇಕಾದ ಆಸ್ತಿ, ಕೆಲವು ಕಾಲದ ಜೀವನಭತ್ಯೆ, ಉಳಿತಾಯ, ತರಬೇತಿ, ಮನೆಗೆ ಬಂದು ವಿಚಾರಿಸಿ ದಾರಿ ತೋರುವ ಮಾರ್ಗದರ್ಶಕರು, ಇವೆಲ್ಲವನ್ನೂ ಒಟ್ಟಿಗೆ ಸುಮಾರು ಎರಡು ವರ್ಷಗಳ ಕಾಲ ಕೊಡುವುದು ಅದರ ಕ್ರಮ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಈ ಆರು ದೇಶಗಳಲ್ಲಿ ಇದೇ ಮಾದರಿಯನ್ನು ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾದಾಗ, ನೆರವು ನಿಂತು ಒಂದು ವರ್ಷ ಕಳೆದ ಮೇಲೂ ಕುಟುಂಬಗಳ ಸ್ಥಿತಿ ಒಟ್ಟಾರೆಯಾಗಿ ಉತ್ತಮವಾಗಿಯೇ ಉಳಿದಿತ್ತು. ತರಬೇತಿಯನ್ನು ಉಳಿದ ಆಸರೆಗಳಿಂದ ಕಳಚಿ ಅದೊಂದನ್ನೇ ಕೊಡುವವರು ಈ ಅನುಭವವನ್ನು ಗಮನವಿಟ್ಟು ನೋಡಬೇಕು.

ಕಸುಬಿನ ಆಯ್ಕೆ

ನಡೆಸುವವರಿಗೆ ಇಷ್ಟವಾದ ಕಸುಬನ್ನು, ಅಥವಾ ದಾನವಾಗಿ ಬಂದ ಯಂತ್ರಕ್ಕೆ ಹೊಂದುವ ಕಸುಬನ್ನು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ಸಂಗತಿ. ಆಯ್ಕೆ ಕೊಳ್ಳುವವರಿಂದ ಆರಂಭವಾಗಬೇಕು. ಕನಿಷ್ಠ ಮೂರು ಬಗೆಯ ಕೊಳ್ಳುಗರನ್ನು, ಅಂದರೆ ಬಿಡಿಯಾಗಿ ಮಾರುವ ಅಂಗಡಿ, ಸಗಟಾಗಿ ತರಿಸಿಕೊಳ್ಳುವ ಸಂಸ್ಥೆ ಮತ್ತು ನೇರವಾಗಿ ಬಳಸುವ ಗಿರಾಕಿ, ಇವರನ್ನು ಮಾದರಿ ವಸ್ತುವಿನೊಡನೆ ಭೇಟಿಯಾಗಿ, ಯಾವ ಗಾತ್ರ, ಯಾವ ಬಣ್ಣ, ಎಷ್ಟು ಸಂಖ್ಯೆ, ಯಾವ ತಿಂಗಳಲ್ಲಿ, ಎಷ್ಟು ಬೆಲೆಗೆ ಎಂದು ಕೇಳಿ ಬರೆದುಕೊಳ್ಳಿ. ವಸ್ತು ಚೆನ್ನಾಗಿದೆ ಎಂಬ ಹೊಗಳಿಕೆಗೆ ಬೆಲೆಯಿಲ್ಲ. ಇಷ್ಟು ಬೇಕು, ಇಷ್ಟು ಮುಂಗಡ ಕೊಡುತ್ತೇವೆ ಎಂಬ ಮಾತಿಗೆ ಮಾತ್ರ ಬೆಲೆ. ಕರುಣೆಯಿಂದ ಕೊಳ್ಳುವವರು ಒಮ್ಮೆ ಕೊಳ್ಳುತ್ತಾರೆ, ವಸ್ತು ಬೇಕೆಂದು ಕೊಳ್ಳುವವರು ಮತ್ತೆ ಬರುತ್ತಾರೆ, ಮತ್ತು ಕಾರ್ಯಾಗಾರ ಬದುಕುವುದು ಎರಡನೆಯ ಬಾರಿ ಬರುವವರಿಂದ.

ಬೇಡಿಕೆಯಿರುವ ಕಸುಬುಗಳಲ್ಲಿ ಯಾವುದು ಈ ಮಹಿಳೆಯರಿಗೆ ಒಗ್ಗುತ್ತದೆ ಎಂಬುದನ್ನು ನಿರ್ಧರಿಸಲು ಕೆಲವು ಅಂಶಗಳನ್ನು ನೋಡಬೇಕು. ಮಾರಾಟಕ್ಕೆ ಯೋಗ್ಯವಾದ ಮೊದಲ ವಸ್ತುವನ್ನು ತಯಾರಿಸಲು ಎಷ್ಟು ವಾರ ಬೇಕು ಎಂಬುದು ಅವುಗಳಲ್ಲಿ ಮುಖ್ಯ. ನೇರ ಹೊಲಿಗೆಯ ಕೈಚೀಲವನ್ನು ಕೆಲವೇ ವಾರಗಳಲ್ಲಿ ಒಪ್ಪವಾಗಿ ಹೊಲಿಯಬಹುದು, ಆದರೆ ಮಗ್ಗದ ಮೇಲೆ ವಿನ್ಯಾಸವಿರುವ ಬಟ್ಟೆಯನ್ನು ಸಮನಾಗಿ ನೇಯಲು ತಿಂಗಳುಗಳೇ ಬೇಕು. ಮಗು ಅತ್ತಾಗ ಕೈಯಲ್ಲಿನ ಕೆಲಸವನ್ನು ಹಾಗೆಯೇ ಬಿಟ್ಟು ಎದ್ದುಹೋಗಲು ಸಾಧ್ಯವೇ ಎಂಬುದು ಇನ್ನೊಂದು. ಕಸೂತಿಯನ್ನು ಬಿಟ್ಟು ಏಳಬಹುದು, ಕರಗಿದ ಮೇಣವನ್ನೂ ಸಾಬೂನಿಗೆ ಬಳಸುವ ಕಾಸ್ಟಿಕ್ ಸೋಡಾದ ದ್ರಾವಣವನ್ನೂ ಬಿಟ್ಟು ಏಳಲಾಗದು. ಸೂಕ್ಷ್ಮ ಕಸೂತಿ ಕಣ್ಣನ್ನು ದಣಿಸುತ್ತದೆ, ಅಂಟು ಮತ್ತು ಬಣ್ಣಗಳ ಆವಿಗೆ ಗಾಳಿಯಾಡುವ ಕೋಣೆ ಬೇಕು, ನೂಲಿನ ಧೂಳು ಉಸಿರಾಟದ ತೊಂದರೆ ಇರುವವರಿಗೆ ಆಗಿಬರುವುದಿಲ್ಲ. ಕೆಲವರಿಗೆ ಮನೆಯಲ್ಲಿ ಹಿರಿಯರಿಂದ ಬಂದ ಕೈಕೆಲಸ ಗೊತ್ತಿರುತ್ತದೆ. ಆದರೆ ಅದಕ್ಕೆ ಬೆಲೆಯಿದೆಯೆಂದು ಯಾರೂ ಹೇಳಿರುವುದಿಲ್ಲವಾದ್ದರಿಂದ ಅವರು ಅದನ್ನು ಹೇಳುವುದೂ ಇಲ್ಲ. ಹಾಗೆ ಗೊತ್ತಿರುವವಳು ಸಿಕ್ಕರೆ ಅವಳನ್ನು ಕಲಿಯುವವರ ಸಾಲಿನಿಂದ ಎಬ್ಬಿಸಿ ಕಲಿಸುವವಳ ಸ್ಥಾನದಲ್ಲಿ ಕೂರಿಸಿ, ಆ ಸ್ಥಾನಕ್ಕೆ ತಕ್ಕ ಸಂಬಳವನ್ನೂ ಕೊಡಿ.

ಕಲಿಸುವ ಕ್ರಮ

ಒಂದು ತಂಡದಲ್ಲಿ ಎಂಟರಿಂದ ಹನ್ನೆರಡು ಜನರಿದ್ದರೆ ಕಲಿಸುವವರು ಪ್ರತಿಯೊಬ್ಬರ ಕೈಯನ್ನೂ ನೋಡಲು ಸಾಧ್ಯವಾಗುತ್ತದೆ. ಇಡೀ ಕಸುಬನ್ನು ತಿಂಗಳುಗಟ್ಟಲೆ ಕಲಿಸಿ ಕೊನೆಯಲ್ಲಿ ಒಂದು ವಸ್ತುವನ್ನು ಮಾಡಿಸುವ ಬದಲು, ಚಿಕ್ಕದಾದರೂ ಪೂರ್ಣವಾದ ಒಂದು ವಸ್ತುವನ್ನು ಮೊದಲ ಎರಡು ವಾರಗಳಲ್ಲಿಯೇ ಮಾಡಿಸಿ, ಅದು ಗುಣಮಟ್ಟದ ಪರಿಶೀಲನೆಯಲ್ಲಿ ತೇರ್ಗಡೆಯಾದರೆ ಕೊಂಡುಕೊಂಡು, ಆ ಹಣವನ್ನು ಭತ್ಯೆಯ ಮೇಲೆ ಹೆಚ್ಚುವರಿಯಾಗಿ ಕೊಡಬೇಕು. ತನ್ನ ಕೈಯಿಂದಾದದ್ದಕ್ಕೆ ಹಣ ಬಂದಿತು ಎಂಬ ಅನುಭವ ಕೊಡುವ ಧೈರ್ಯವನ್ನು ಯಾವ ಉಪನ್ಯಾಸವೂ ಕೊಡಲಾರದು. ಅಲ್ಲಿಂದ ಮುಂದೆ ಅಳತೆ, ಕತ್ತರಿಸುವಿಕೆ, ಜೋಡಣೆ, ಅಂಚು, ಒಪ್ಪ ಎಂದು ಹಂತಹಂತವಾಗಿ ಕಷ್ಟದ ವಸ್ತುಗಳತ್ತ ಹೋಗಬಹುದು.

ಕಸುಬಿನ ಜೊತೆಗೆ ಕಲಿಸಲೇಬೇಕಾದ ಲೆಕ್ಕವೊಂದಿದೆ: ಅಳತೆಪಟ್ಟಿಯನ್ನು ಓದುವುದು, ಆದೇಶದ ಚೀಟಿಯಲ್ಲಿರುವ ಸಂಖ್ಯೆಯನ್ನು ಗುರುತಿಸುವುದು, ತಾನು ಮಾಡಿದ್ದನ್ನು ತಾನೇ ಪುಸ್ತಕದಲ್ಲಿ ಬರೆದುಕೊಳ್ಳುವುದು, ಸಂಬಳದ ಚೀಟಿಯನ್ನು ಆ ಪುಸ್ತಕದೊಡನೆ ತಾಳೆ ನೋಡುವುದು. ಅಕ್ಷರ ಬಾರದವರಿಗೆ ಗೆರೆಗಳನ್ನೂ ಬಣ್ಣದ ಚುಕ್ಕೆಗಳನ್ನೂ ಬಳಸಿ ಇದನ್ನು ಕಲಿಸಬಹುದು. ತನ್ನ ದುಡಿಮೆಯ ಲೆಕ್ಕವನ್ನು ತಾನು ಇಟ್ಟುಕೊಳ್ಳಲಾರದವಳು ಇಲ್ಲಿ ಮೋಸಹೋಗದಿದ್ದರೂ ಇನ್ನೊಂದು ಕಡೆ ಹೋಗುತ್ತಾಳೆ.

ಹಿಂಸೆಯನ್ನು ಕಂಡು ಬಂದವರಿರುವ ಕೋಣೆಯಲ್ಲಿ ಕಲಿಸುವವರ ನಡವಳಿಕೆಯೂ ತರಬೇತಿಯ ಭಾಗವೇ. ಕೈ ಹಿಡಿದು ಕತ್ತರಿಯನ್ನು ತಿರುಗಿಸಿ ತೋರಿಸುವ ಮೊದಲು ಅನುಮತಿ ಕೇಳಬೇಕು, ಹಿಂದಿನಿಂದ ಬಂದು ನಿಲ್ಲಬಾರದು, ಧ್ವನಿ ಏರಿಸಬಾರದು, ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವಂಥ ಯಾವ ಪದ್ಧತಿಯೂ ಇರಕೂಡದು. ನಾಳೆ ಏನು ಕೆಲಸ, ಯಾರು ಬರುತ್ತಾರೆ, ಯಾವಾಗ ವಿರಾಮ ಎಂಬುದು ಹಿಂದಿನ ದಿನವೇ ತಿಳಿದಿದ್ದರೆ ಮನಸ್ಸು ನೆಮ್ಮದಿಯಾಗಿರುತ್ತದೆ. ಕೆಲಸದ ನಡುವೆ ಯಾರಾದರೂ ಎದ್ದು ಹೊರಗೆ ಹೋಗಿ ಕುಳಿತರೆ ಕಾರಣ ಕೇಳದೆ ಬಿಡಿ. ಮನೋವೈದ್ಯಕೀಯ ಸಹಾಯ ಬೇಕಾದವರನ್ನು ಅದನ್ನು ಬಲ್ಲವರ ಬಳಿಗೆ ಕಳುಹಿಸಬೇಕು, ಹೊಲಿಗೆ ಕಲಿಸುವವರು ಆ ಹೊಣೆಯನ್ನು ಹೊರಲಾರರು.

ಕೂಲಿಯನ್ನೂ ಬೆಲೆಯನ್ನೂ ನಿಗದಿ ಮಾಡುವುದು

ಈ ಭಾಗವನ್ನು ಅವಸರದಲ್ಲಿ ಮುಗಿಸುವಂತಿಲ್ಲ. ಬಹಳಷ್ಟು ಕಾರ್ಯಾಗಾರಗಳು ಮಾರುಕಟ್ಟೆಯ ಬೆಲೆಯಿಂದ ಸಾಮಗ್ರಿ, ಬಾಡಿಗೆ, ವಿದ್ಯುತ್ ಇವುಗಳ ಖರ್ಚನ್ನು ಕಳೆದು, ಉಳಿದದ್ದನ್ನು ಕೂಲಿಯೆಂದು ಹಂಚುತ್ತವೆ. ಹಾಗೆ ಮಾಡಿದರೆ ಎಲ್ಲರ ನಷ್ಟವೂ ಕೊನೆಗೆ ದುಡಿಯುವವಳ ಮೇಲೆಯೇ ಬಂದು ಬೀಳುತ್ತದೆ. ಲೆಕ್ಕವನ್ನು ಎದುರು ದಿಕ್ಕಿನಿಂದ, ಅಂದರೆ ಕೂಲಿಯಿಂದ ಆರಂಭಿಸಬೇಕು.

ಮೊದಲು ಒಬ್ಬ ಮಹಿಳೆ ಮತ್ತು ಅವಳನ್ನು ಅವಲಂಬಿಸಿದವರ ಬಾಡಿಗೆ, ಊಟ, ಔಷಧಿ, ಮಕ್ಕಳ ಓದು, ಓಡಾಟ, ಒಂದಿಷ್ಟು ಉಳಿತಾಯ ಇವನ್ನೆಲ್ಲ ಕೂಡಿಸಿ, ಬದುಕಲು ಸಾಲುವ ದಿನದ ಕೂಲಿ ಎಷ್ಟೆಂದು ಅಂದಾಜು ಮಾಡಿ. ಇದು ಕಾನೂನು ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಇರಕೂಡದು, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಈ ದಿನಗೂಲಿಯನ್ನು 100 ಎಂದು ಇಟ್ಟುಕೊಳ್ಳೋಣ. ಬಳಿಕ, ಕೆಲಸ ಕಲಿತ ಮೂರು ನಾಲ್ಕು ಮಹಿಳೆಯರು ಒಂದು ಕೈಚೀಲವನ್ನು ತಯಾರಿಸಲು ತೆಗೆದುಕೊಳ್ಳುವ ಸಮಯವನ್ನು ಗಡಿಯಾರವಿಟ್ಟು ಅಳೆಯಿರಿ. ಎಲ್ಲರಿಗಿಂತ ಚುರುಕಾದವಳ ಸಮಯವನ್ನು ಆಧಾರವಾಗಿ ತೆಗೆದುಕೊಂಡರೆ ಉಳಿದವರಿಗೆ ಅನ್ಯಾಯವಾಗುತ್ತದೆಯಾದ್ದರಿಂದ ನಡುವಣ ವೇಗವನ್ನೇ ತೆಗೆದುಕೊಳ್ಳಬೇಕು. ಕತ್ತರಿಸಲು 10 ನಿಮಿಷ, ಹೊಲಿಯಲು 50, ಅಂಚು ಮತ್ತು ಒಪ್ಪಕ್ಕೆ 15, ಪರಿಶೀಲನೆಗೂ ಕಟ್ಟುವುದಕ್ಕೂ 5 ಎಂದಾದರೆ ಒಟ್ಟು 80 ನಿಮಿಷ. ವಿರಾಮ, ದಾರ ಬದಲಿಸುವುದು, ಮಗುವಿಗೆ ಉಣಿಸುವುದು ಇವನ್ನೆಲ್ಲ ಬಿಟ್ಟರೆ ದಿನದಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವುದು ಆರು ತಾಸು, ಅಂದರೆ 360 ನಿಮಿಷ. ದಿನಕ್ಕೆ ನಾಲ್ಕೂವರೆ ಚೀಲ. ಹಾಗಾದರೆ ಒಂದು ಚೀಲದ ಕೂಲಿ 22ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ರಜೆ, ಕಾಯಿಲೆಯ ದಿನ, ವಿಮೆ ಇವುಗಳಿಗೆಂದು ಐದನೇ ಒಂದು ಭಾಗವನ್ನು ಸೇರಿಸಿದರೆ 27. ಬಟ್ಟೆ, ದಾರ, ಗುಂಡಿ ಇವುಗಳಿಗೆ 20, ಹಾಳಾಗುವುದಕ್ಕೆ 1, ಬಾಡಿಗೆ, ವಿದ್ಯುತ್, ಮೇಲ್ವಿಚಾರಕಿಯ ಸಂಬಳ ಮತ್ತು ಮಕ್ಕಳ ಕೋಣೆಯ ಖರ್ಚಿನ ಪಾಲು 15. ಇಲ್ಲಿಗೆ ಮೊತ್ತ 63. ಆದೇಶವಿಲ್ಲದ ತಿಂಗಳುಗಳಿಗಾಗಿ ತೆಗೆದಿಡುವ ನಿಧಿಗೆ 7 ಸೇರಿಸಿದರೆ ಸಗಟು ಬೆಲೆ 70 ಆಗುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಸಗಟು ಬೆಲೆಯ ಎರಡರಷ್ಟಕ್ಕೆ ಅಥವಾ ಅದಕ್ಕೂ ಹೆಚ್ಚಿಗೆ ಮಾರುತ್ತಾರೆ, ಆದ್ದರಿಂದ ಗಿರಾಕಿ ಕೊಡಬೇಕಾದದ್ದು 140ಕ್ಕೆ ಕಡಿಮೆಯಿಲ್ಲ.

ಅಷ್ಟು ಬೆಲೆಗೆ ಆ ಚೀಲ ಮಾರಾಟವಾಗದಿದ್ದರೆ ವಿನ್ಯಾಸವನ್ನು ಬದಲಿಸಿ, ಜೋಡಣೆಯ ಹಂತಗಳನ್ನು ಕಡಿಮೆ ಮಾಡಿ, ಬಟ್ಟೆಯನ್ನು ವ್ಯರ್ಥವಾಗದಂತೆ ಕತ್ತರಿಸುವ ನಮೂನೆಯನ್ನು ಹುಡುಕಿ, ನೇರ ಮಾರಾಟದ ಪಾಲನ್ನು ಹೆಚ್ಚಿಸಿ, ಅಥವಾ ಆ ವಸ್ತುವನ್ನೇ ಕೈಬಿಡಿ. ಲೆಕ್ಕದಲ್ಲಿರುವ 27ಕ್ಕೆ ಕೈಹಾಕಬೇಡಿ.

ತುಂಡಿನ ಲೆಕ್ಕದಲ್ಲಿ ಕೂಲಿ ಕೊಡಬೇಕೋ ಸಮಯದ ಲೆಕ್ಕದಲ್ಲಿ ಕೊಡಬೇಕೋ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಮೊದಲ ಆರು ತಿಂಗಳು ಸಮಯದ ಲೆಕ್ಕ, ಆಮೇಲೆ ಖಚಿತವಾದ ಮೂಲ ಸಂಬಳ ಮತ್ತು ಅದರ ಮೇಲೆ ತುಂಡಿನ ಲೆಕ್ಕದ ಹೆಚ್ಚುವರಿ. ಬರೀ ತುಂಡಿನ ಕೂಲಿಯಾದರೆ ನಿಧಾನವಾಗಿ ಕಲಿಯುವವರು, ಕಾಯಿಲೆಯವರು, ರಾತ್ರಿ ನಿದ್ದೆ ಬಾರದೆ ಬಂದವರು ಶಿಕ್ಷೆ ಅನುಭವಿಸಿದಂತಾಗುತ್ತದೆ. ತಿದ್ದಬೇಕಾದ ವಸ್ತುವನ್ನು ತಿದ್ದುವ ಸಮಯಕ್ಕೂ ಕೂಲಿ ಕೊಡಬೇಕು, ಹಾಳಾದ ಬಟ್ಟೆಯ ಬೆಲೆಯನ್ನು ಅವಳ ಸಂಬಳದಲ್ಲಿ ಹಿಡಿಯಕೂಡದು.

ಸಂಬಳದ ದಿನಾಂಕ ಒಮ್ಮೆ ಗೊತ್ತಾದ ಮೇಲೆ ತಪ್ಪಲೇಬಾರದು. ಕೊಳ್ಳುವವರು ತಡಮಾಡಿದರೆ ಆ ಕಾಯುವಿಕೆಯನ್ನು ಸಂಸ್ಥೆ ಹೊರಬೇಕು. ಬ್ರಾಕ್ ಸಂಸ್ಥೆಯ ಆರೋಂಗ್ ಕರಕುಶಲ ಮಳಿಗೆಗಳು 1978ರಲ್ಲಿ ಹುಟ್ಟಿಕೊಂಡದ್ದೇ ಈ ಕಾರಣಕ್ಕೆ. ಮಾಣಿಕ್‌ಗಂಜ್ ಪ್ರದೇಶದ ಬಡವರು ತಯಾರಿಸಿದ ರೇಷ್ಮೆಗೆ ಢಾಕಾದ ಅಂಗಡಿಗಳಿಂದ ಹಣ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತಿದ್ದುದರಿಂದ, ಸರಕು ಒಪ್ಪಿಸಿದ ಕೂಡಲೇ ಹಣ ಸಿಗುವಂತೆ ಮಾಡಲು ಸಂಸ್ಥೆ ತಾನೇ ಮಳಿಗೆ ತೆರೆಯಿತು. ಕೊಳ್ಳುವವರಿಂದ ಮುಂಗಡ ಕೇಳಲು ಸಂಕೋಚ ಬೇಡ. ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ಹತ್ತು ತತ್ತ್ವಗಳ ಪ್ರಕಾರ, ಕರಕುಶಲ ವಸ್ತುಗಳನ್ನು ಕೊಳ್ಳುವವರು ತಯಾರಕರು ಕೇಳಿದಲ್ಲಿ ಕನಿಷ್ಠ 50 ಶೇಕಡಾ ಮುಂಗಡವನ್ನು ಕೊಡಬೇಕು.

ಹಣ ಅವಳ ಕೈಯಲ್ಲಿ ಉಳಿಯುವಂತೆ

ಸಂಬಳ ಕೊಟ್ಟಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದು ಅನೇಕ ಸಂಸ್ಥೆಗಳು ಭಾವಿಸುತ್ತವೆ. ಸಂಕಷ್ಟದಲ್ಲಿರುವ ಮಹಿಳೆಯ ಮಟ್ಟಿಗೆ ಅಲ್ಲಿಂದಲೇ ಇನ್ನೊಂದು ಹೋರಾಟ ಆರಂಭವಾಗುತ್ತದೆ. ಮನೆಯಲ್ಲಿ ಯಾರೋ ಸಂಬಳದ ದಿನವನ್ನೇ ಕಾದಿರಬಹುದು. ಹಳೆಯ ಸಾಲಗಾರರು ಬಾಗಿಲಿಗೆ ಬರಬಹುದು. ಹೆಂಡತಿಯ ಗಳಿಕೆ ಹೆಚ್ಚಾದಂತೆ ಗಂಡನ ಹಿಂಸೆ ಹೆಚ್ಚಾಗುವ ಸಂದರ್ಭಗಳೂ ಇವೆ, ಇದನ್ನು ಮೊದಲೇ ಊಹಿಸಿ ಸಿದ್ಧರಾಗಿರಬೇಕು.

ಪ್ರತಿಯೊಬ್ಬರಿಗೂ ಅವರೊಬ್ಬರ ಹೆಸರಿನಲ್ಲಿಯೇ ಬ್ಯಾಂಕ್ ಖಾತೆ ಇರಬೇಕು, ಜಂಟಿ ಖಾತೆ ಬೇಡ. ಮನೆಯವರು ವ್ಯವಹರಿಸುವ ಶಾಖೆಯನ್ನು ಬಿಟ್ಟು ಬೇರೊಂದನ್ನು ಆರಿಸಿಕೊಂಡರೆ ಒಳ್ಳೆಯದು. ಹಣ ಜಮೆಯಾದ ಸಂದೇಶ ಯಾರ ಮೊಬೈಲ್‌ಗೆ ಹೋಗುತ್ತದೆ ಎಂಬುದನ್ನು ಖಂಡಿತ ವಿಚಾರಿಸಿ, ಏಕೆಂದರೆ ಖಾತೆ ಅವಳದಾಗಿದ್ದರೂ ಸಂದೇಶ ಗಂಡನ ಫೋನಿಗೆ ಹೋಗುತ್ತಿದ್ದರೆ ಗುಟ್ಟೆಂಬುದೇ ಉಳಿಯುವುದಿಲ್ಲ. ಪಾಸ್‌ಬುಕ್, ಎಟಿಎಂ ಕಾರ್ಡ್, ಗುರುತಿನ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ ಇವನ್ನು ಬಯಸಿದವರು ಇಟ್ಟುಹೋಗಲು ಕಾರ್ಯಾಗಾರದಲ್ಲಿ ಬೀಗವಿರುವ ಪೆಟ್ಟಿಗೆಗಳಿರಲಿ ಮತ್ತು ಬೀಗದ ಕೈ ಅವರ ಬಳಿಯೇ ಇರಲಿ. ಸಂಸ್ಥೆಯ ಯಾರೊಬ್ಬರೂ ಇನ್ನೊಬ್ಬರ ದಾಖಲೆಯನ್ನಾಗಲಿ ರಹಸ್ಯ ಸಂಖ್ಯೆಯನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳಬಾರದು. ಕಳ್ಳಸಾಗಣೆಯಿಂದ ಪಾರಾದವರಿಗೆ ದಾಖಲೆಗಳನ್ನು ಬೇರೆಯವರು ಇಟ್ಟುಕೊಳ್ಳುವುದು ಏನನ್ನು ನೆನಪಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಯಾರಿಗೆ ಎಷ್ಟು ಸಂಬಳ ಎಂದು ಮನೆಯವರು ಬಂದು ಕೇಳಿದರೂ ಹೇಳಬಾರದು, ಈ ನಿಯಮವನ್ನು ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ತಿಳಿಸಿರಬೇಕು.

ಉಳಿತಾಯವನ್ನು ಕಡ್ಡಾಯ ಮಾಡಬಾರದು, ಆದರೆ ಸುಲಭ ಮಾಡಬೇಕು. ಸಂಬಳದ ಒಂದು ಪಾಲು ತಾನಾಗಿಯೇ ಇನ್ನೊಂದು ಖಾತೆಗೆ ಹೋಗುವಂತೆ ಅವರೇ ಬರೆದುಕೊಟ್ಟರೆ, ಮನೆಯಲ್ಲಿ ಕೇಳಿದವರಿಗೆ ತೋರಿಸುವ ಮೊತ್ತವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅಹಮದಾಬಾದಿನಲ್ಲಿ ಇಳಾ ಭಟ್ ಅವರ ನೇತೃತ್ವದಲ್ಲಿ 1972ರಲ್ಲಿ ಕಾರ್ಮಿಕ ಸಂಘವಾಗಿ ನೋಂದಣಿಯಾದ ‘ಸೇವಾ’ (SEWA, ಸ್ವಉದ್ಯೋಗಿ ಮಹಿಳೆಯರ ಸಂಘ) ಎರಡೇ ವರ್ಷಗಳಲ್ಲಿ, 1974ರಲ್ಲಿ, ತನ್ನದೇ ಮಹಿಳಾ ಸಹಕಾರಿ ಬ್ಯಾಂಕನ್ನು ತೆರೆಯಿತು. ಬೇರೆ ಬ್ಯಾಂಕುಗಳು ಹತ್ತಿರ ಸೇರಿಸದಿದ್ದ ಸುಮಾರು 4,000 ಮಹಿಳೆಯರು ತಲಾ ಹತ್ತು ರೂಪಾಯಿ ಷೇರು ಹಣ ಹಾಕಿ ಅದಕ್ಕೆ ಬಂಡವಾಳ ಕೂಡಿಸಿದರು. ಸಂಘಟನೆ, ಕೂಲಿ ಮತ್ತು ಉಳಿತಾಯ ಇವು ಮೂರೂ ಬೇರೆಬೇರೆ ಯೋಜನೆಗಳಲ್ಲ ಎಂಬುದನ್ನು ಆ ಮಹಿಳೆಯರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಆಸರೆ ಎಂದರೆ ಎಷ್ಟು, ಎಲ್ಲಿಯವರೆಗೆ

ಹೊರಗಿನ ಕಾರ್ಖಾನೆಯಲ್ಲಿ ಸಿಗದ ಕೆಲವು ಅನುಕೂಲಗಳು ಇಲ್ಲಿ ಸಿಗಬೇಕು ಎಂಬುದೇ ಆಸರೆಯ ಉದ್ಯೋಗದ ಅರ್ಥ. ಮಕ್ಕಳಿಗೆ ಒಂದು ಕೋಣೆ ಮತ್ತು ಅವರನ್ನು ನೋಡಿಕೊಳ್ಳುವವರು, ನ್ಯಾಯಾಲಯಕ್ಕೂ ಆಸ್ಪತ್ರೆಗೂ ಹೋಗಬೇಕಾದ ದಿನ ಸಂಬಳ ಕಡಿತವಿಲ್ಲದ ರಜೆ, ಗಾಲಿಕುರ್ಚಿ ಒಳಬರುವ ಬಾಗಿಲು ಮತ್ತು ಶೌಚಾಲಯ, ಎತ್ತರ ಹೊಂದಿಸಬಹುದಾದ ಮೇಜು, ಕಣ್ಣಿಗೆ ತಕ್ಕ ಬೆಳಕು, ಹೊರಗಿನವರು ನೇರವಾಗಿ ಒಳನುಗ್ಗಲಾಗದ ಪ್ರವೇಶ, ಕಿರುಕುಳದ ದೂರನ್ನು ಮುಖ್ಯಸ್ಥರ ಹೊರತಾದ ಸಮಿತಿಗೆ ಕೊಡುವ ಅವಕಾಶ ಇವು ಕನಿಷ್ಠ ಅಗತ್ಯಗಳು. ದುಡಿಮೆಯ ಜಗತ್ತಿನಲ್ಲಿ ಹಿಂಸೆ ಮತ್ತು ಕಿರುಕುಳದ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ, ತರಬೇತಿಯಲ್ಲಿರುವವರಿಗೂ ರಕ್ಷಣೆಯನ್ನು ವಿಸ್ತರಿಸುತ್ತದೆ. ಕಲಿಯುವವರು ಇನ್ನೂ ನೌಕರರಲ್ಲ ಎಂಬ ನೆಪಕ್ಕೆ ಅದರಲ್ಲಿ ಎಡೆಯಿಲ್ಲ.

ಆಸರೆಯು ಬೇಲಿಯಾಗುವ ಅಪಾಯವೂ ಇದೆ, ಅದರಲ್ಲೂ ಅಂಗವೈಕಲ್ಯವಿರುವ ಮಹಿಳೆಯರ ವಿಷಯದಲ್ಲಿ. ಅವರನ್ನು ಉಳಿದ ದುಡಿಯುವವರಿಂದ ಬೇರ್ಪಡಿಸಿ, ಕಡಿಮೆ ಕೂಲಿಗೆ ವರ್ಷಾನುಗಟ್ಟಲೆ ಒಂದೇ ಕೆಲಸದಲ್ಲಿ ಕೂರಿಸುವ ಕಾರ್ಯಾಗಾರಗಳನ್ನು ಉದ್ಯೋಗದ ಹಕ್ಕಿನ ಈಡೇರಿಕೆಯೆಂದು ಒಪ್ಪಲಾಗದು ಎಂದು, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಸಮಿತಿಯು 2022ರ ತನ್ನ ಎಂಟನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಸ್ಪಷ್ಟಪಡಿಸಿದೆ. ಇದಕ್ಕೆ ಪರಿಹಾರವಾಗಿ ತಂಡಗಳನ್ನು ಮಿಶ್ರವಾಗಿರಿಸಿ. ಇಟಲಿಯ 1991ರ 381ನೇ ಕಾನೂನಿನ ಪ್ರಕಾರ, ಹಿಂದುಳಿಸಲ್ಪಟ್ಟವರಿಗೆ ಉದ್ಯೋಗ ಕೊಡುವ ಸಾಮಾಜಿಕ ಸಹಕಾರ ಸಂಘಗಳಲ್ಲಿ ಅಂಥವರು ದುಡಿಯುವವರ ಪೈಕಿ ಕನಿಷ್ಠ 30 ಶೇಕಡಾ ಇರಬೇಕು, ಉಳಿದವರು ಯಾರೂ ಆಗಿರಬಹುದು. ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ದರದ ಕೂಲಿ ಪಡೆಯುವ ಜಾಗದಲ್ಲಿ ಯಾರು ಯಾವ ಕಷ್ಟದಿಂದ ಬಂದವರು ಎಂಬುದು ಹೊರಗಿನವರಿಗೆ ತಿಳಿಯುವುದೂ ಇಲ್ಲ.

ಮಾರಾಟಕ್ಕಾಗಿ ಆ ಕಷ್ಟವನ್ನು ಬಳಸುವುದಂತೂ ಕೂಡದು. ವಸ್ತುವಿನ ಚೀಟಿಯ ಮೇಲೆ ತಯಾರಿಸಿದವಳ ಮುಖ, ಹೆಸರು ಮತ್ತು ನೋವಿನ ಕಥೆಯನ್ನು ಅಚ್ಚು ಹಾಕಿಸುವ ಪದ್ಧತಿ ಅಲ್ಲಲ್ಲಿ ಇದೆ. ಹುಡುಕುತ್ತಿರುವವನಿಗೆ ಅದರಿಂದ ಅವಳ ಸುಳಿವು ಸಿಗಬಹುದು, ಅವಳ ಮಗ ಅದನ್ನು ಓದಬಹುದು, ಹತ್ತು ವರ್ಷಗಳ ನಂತರವೂ ಅದು ಅಂತರ್ಜಾಲದಲ್ಲಿ ಉಳಿದಿರಬಹುದು. ಸಂಬಳ ಕೊಡುವವರು ಕೇಳಿದಾಗ ಬೇಡವೆನ್ನಲು ಧೈರ್ಯ ಬರುವುದಿಲ್ಲವಾದ್ದರಿಂದ ಒಪ್ಪಿಗೆ ಪಡೆದಿದ್ದೇವೆ ಎಂಬ ಸಮರ್ಥನೆಗೂ ಹೆಚ್ಚು ತೂಕವಿಲ್ಲ. ಚೀಟಿಯ ಮೇಲೆ ಬಟ್ಟೆಯ ಗುಣ, ಕೈಕೆಲಸದ ಬಗೆ ಮತ್ತು ಕಾರ್ಯಾಗಾರದ ಕೂಲಿಯ ನೀತಿ ಇವನ್ನು ಬರೆದರೆ ಸಾಕು.

ಹೊರಗೆ ಬರಲಾಗದವರಿಗೆ ಮನೆಯಲ್ಲಿಯೇ ಕೆಲಸ ಕೊಡಬೇಕಾಗಿ ಬಂದಾಗ, ಅದನ್ನು ಅಗ್ಗದ ದಾರಿಯೆಂದು ಆರಿಸಿಕೊಳ್ಳಬೇಡಿ. ಮನೆಗೆಲಸವನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಾ ಮಾಡುವ ಹೊಲಿಗೆ ಬಿಡುವಿನ ಕೆಲಸವೆಂದು ಎಣಿಕೆಯಾಗಿ ಅದರ ಕೂಲಿ ಕುಗ್ಗುತ್ತದೆ. ಗೃಹಾಧಾರಿತ ಕೆಲಸದ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ 177ನೇ ಒಡಂಬಡಿಕೆ, ಮನೆಯಲ್ಲಿ ದುಡಿಯುವವರನ್ನು ಇತರ ಕೂಲಿಕಾರರಿಗೆ ಸಮನಾಗಿ ಕಾಣಬೇಕೆಂದು ಹೇಳುತ್ತದೆ. ಕಾರ್ಯಾಗಾರದ ದರವೇ ಅವರಿಗೂ ಇರಲಿ. ವಿದ್ಯುತ್ತಿನ, ದೀಪದ ಖರ್ಚನ್ನು ಸೇರಿಸಿ ಕೊಡಿ, ಸಾಮಗ್ರಿಯನ್ನು ನೀವೇ ತಲುಪಿಸಿ, ಕೊಟ್ಟದ್ದು ತಂದದ್ದು ಎರಡೂ ಕಡೆಯ ಪುಸ್ತಕದಲ್ಲಿ ಬರೆದಿರಲಿ.

ಮುಂದಿನ ದಾರಿ

ಒಂದೂವರೆ ಎರಡು ವರ್ಷಗಳಾದ ಮೇಲೆ ಪ್ರತಿಯೊಬ್ಬರೊಡನೆಯೂ ಕುಳಿತು, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಬೇಕು. ಎಲ್ಲರೂ ಸ್ವಂತ ಉದ್ಯಮ ಆರಂಭಿಸಲಿ ಎಂಬ ಒತ್ತಾಯ ಈಗ ಎಲ್ಲೆಡೆ ಕೇಳಿಬರುತ್ತದೆ, ನನಗೆ ಅದು ಸರಿಯೆನಿಸುವುದಿಲ್ಲ. ಉದ್ಯಮದ ನಷ್ಟವನ್ನು ತಾಳಿಕೊಳ್ಳಲು ಬೆನ್ನ ಹಿಂದೆ ಏನಾದರೂ ಇರಬೇಕು, ಇವರಲ್ಲಿ ಬಹುಮಂದಿಗೆ ಅದಿಲ್ಲ. ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವೇ ಒಬ್ಬಳಿಗೆ ಸ್ವಾತಂತ್ರ್ಯವಾಗಿದ್ದರೆ ಅದನ್ನು ಕಡಿಮೆಯೆಂದು ಎಣಿಸಬಾರದು. ಕೆಲವರು ಇಲ್ಲಿಯೇ ಉಳಿದು ಮೇಲ್ವಿಚಾರಕಿಯರೋ ಕಲಿಸುವವರೋ ಆಗುತ್ತಾರೆ. ಕೆಲವರು ಬೇರೆ ಕಾರ್ಖಾನೆಗೆ ಹೋಗುತ್ತಾರೆ, ಅವರಿಗೆ ಕೆಲಸದ ಪ್ರಮಾಣಪತ್ರ ಬೇಕು, ಅದರಲ್ಲಿ ಕಾರ್ಯಾಗಾರದ ಹೆಸರು ಅವರ ಹಿಂದಿನ ಬದುಕನ್ನು ಬಯಲುಮಾಡದಂತೆ ಇರಬೇಕು. ಸ್ವಂತ ಅಂಗಡಿ ಇಡುವವರಿಗೆ ಮೊದಲ ಕೆಲವು ತಿಂಗಳು ಕಾರ್ಯಾಗಾರವೇ ಕೆಲಸ ಕೊಡುವ ಗಿರಾಕಿಯಾಗಬಹುದು. ಹೊರಗೆ ಹೋದದ್ದು ಹೊಂದದಿದ್ದರೆ ಹಿಂದಿರುಗಿ ಬರಲು ಅವಕಾಶವಿದೆ ಎಂಬುದನ್ನು ಹೋಗುವಾಗಲೇ ಬಾಯಿಬಿಟ್ಟು ಹೇಳಿ. ಒಟ್ಟಾಗಿ ನಡೆಸುವ ಆಸೆ ಹಲವರಿಗಿದ್ದರೆ ಸಹಕಾರ ಸಂಘವಾಗಿ ನೋಂದಾಯಿಸಿಕೊಳ್ಳಬಹುದು, ಆದರೆ ಅದಕ್ಕೆ ಒಂದು ವರ್ಷ ಮೊದಲಿನಿಂದಲೇ ಲೆಕ್ಕದ ಪುಸ್ತಕ, ಬೆಲೆಯ ಮಾತುಕತೆ ಮತ್ತು ಸಭೆ ನಡೆಸುವಿಕೆಯನ್ನು ಅವರ ಕೈಗೆ ಒಪ್ಪಿಸಿರಬೇಕು.

ಯೋಜನೆ ಫಲಿಸಿತೇ ಎಂದು ತಿಳಿಯಲು, ತರಬೇತಿ ಮುಗಿಸಿದವರ ತಲೆ ಎಣಿಸಿದರೆ ಪ್ರಯೋಜನವಿಲ್ಲ. ಆರು ತಿಂಗಳ ಮತ್ತು ಎರಡು ವರ್ಷಗಳ ನಂತರ ಅವರ ತಿಂಗಳ ಗಳಿಕೆ ಎಷ್ಟು, ಅದನ್ನು ಖರ್ಚು ಮಾಡುವ ತೀರ್ಮಾನ ಯಾರದು, ಸಾಲ ಇಳಿದಿದೆಯೇ, ಒಂದು ತಿಂಗಳು ಕೆಲಸವಿಲ್ಲದಿದ್ದರೆ ನಡೆಯುವಷ್ಟು ಉಳಿತಾಯವಿದೆಯೇ, ಮನೆಯಲ್ಲಿ ಹಿಂಸೆ ಕಡಿಮೆಯಾಗಿದೆಯೇ ಹೆಚ್ಚಿದೆಯೇ ಎಂದು, ಸಂಸ್ಥೆಯ ಸಂಬಳ ಪಡೆಯದ ಯಾರಾದರೂ ಕೇಳಿ ತಿಳಿಯಬೇಕು.

ಆದೇಶಗಳು ಇಳಿಯುವ ತಿಂಗಳು ಪ್ರತಿ ಕಾರ್ಯಾಗಾರಕ್ಕೂ ಬರುತ್ತದೆ. ಅಂಥ ಸೂಚನೆ ಕಂಡ ವಾರವೇ ಎಲ್ಲರನ್ನೂ ಸೇರಿಸಿ, ನಿಧಿಯಲ್ಲಿ ಎಷ್ಟಿದೆ, ಅದು ಎಷ್ಟು ವಾರಗಳ ಸಂಬಳಕ್ಕೆ ಸಾಲುತ್ತದೆ ಎಂದು ಪುಸ್ತಕ ತೆರೆದು ತೋರಿಸಿ. ಕೆಲವರನ್ನು ಕೆಲಸದಿಂದ ಬಿಡುವ ಬದಲು ಎಲ್ಲರ ಕೆಲಸದ ಅವಧಿಯನ್ನು ಸಮನಾಗಿ ತಗ್ಗಿಸಬೇಕೇ, ಆ ಬಿಡುವಿನಲ್ಲಿ ಹೊಸ ಮಾದರಿಗಳನ್ನು ತಯಾರಿಸಬೇಕೇ, ಯಾರ ಮನೆಯಲ್ಲಿ ಬೇರೆ ಗಳಿಕೆಯೇ ಇಲ್ಲವೋ ಅವರಿಗೆ ಪೂರ್ಣ ಸಂಬಳ ಮುಂದುವರಿಯಬೇಕೇ ಎಂಬುದನ್ನು ಅವರೇ ಚರ್ಚಿಸಿ ನಿರ್ಧರಿಸಲಿ. ಆ ನಿರ್ಧಾರವನ್ನು ಬರೆದು, ಓದಿ ಹೇಳಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದು, ಮುಂದಿನ ಸಂಬಳದ ದಿನದಿಂದ ಜಾರಿಗೆ ತನ್ನಿ.